ಪ್ರಶ್ನೋತ್ತರ: ಸುತ್ತುವ ಬಿಂದು, ಏರಿಳಿಯುವ ಅಲೆ

ಪ್ರಶ್ನೆ: ಪ್ರಥಮ ಪಿಯುಸಿಯವರಿಗೆ ಸೈನ್, ಕೋಸೈನ್, ಟ್ಯಾನ್‌ಗಳ ನಂಟನ್ನು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಅನಿಮೇಶನ್ ಮಾಡಿ ತೋರಿಸಬೇಕು. ನಾನು ಮಾಡಿದ್ದರಲ್ಲಿ ವೃತ್ತ ಮೊಟ್ಟೆಯಂತೆ ಕಾಣುತ್ತದೆ. ಸೈನ್ ಅಲೆ ಬಿಂದುವಿನ ಜೊತೆಗೇ ಏರಿಳಿಯುತ್ತದೆ, ಕೋಸೈನ್ ಅಲೆ ಮಾತ್ರ ಹೊಂದುತ್ತಿಲ್ಲ. ಎಲ್ಲಿ ತಪ್ಪಿದೆ?
– ಗಣಿತ ಉಪನ್ಯಾಸಕಿ, ಶಿರಸಿ

ಉತ್ತರ: ಮೊಟ್ಟೆಯ ತೊಂದರೆ ಸಣ್ಣದು. ಎಕ್ಸ್, ವೈ ಅಕ್ಷಗಳ ಅನುಪಾತವನ್ನು 1:1 ಮಾಡಿದರೆ ವೃತ್ತ ದುಂಡಗಾಗುತ್ತದೆ. ಕೋಸೈನ್‌ನಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ತ್ರಿಜ್ಯ 1 ಇರುವ ವೃತ್ತದಲ್ಲಿ ಬಿಂದುವಿನ ಎತ್ತರ ಸೈನ್, ಅಡ್ಡದೂರ ಕೋಸೈನ್. ಪಕ್ಕದ ನಕ್ಷೆಗೆ ಎತ್ತರವನ್ನು ಅಡ್ಡಗೆರೆ ಎಳೆದು ನೇರವಾಗಿ ದಾಟಿಸಬಹುದು, ಅಡ್ಡದೂರವನ್ನು ಹಾಗೆ ದಾಟಿಸಲಾಗದು. ಕಣ್ಣು ಅಲ್ಲೇ ಎಡವುತ್ತದೆ.

ಮೊದಲಿನಿಂದ ಕಟ್ಟುವುದೇ ಒಳ್ಳೆಯದು. ಕೋನದ ಬೆಲೆ ಬದಲಿಸುವ ಸ್ಲೈಡರನ್ನು ಸಂಖ್ಯೆಯಾಗಿ ಇಡಿ: 0ಯಿಂದ 2 ಪೈವರೆಗೆ, ಹೆಜ್ಜೆ ಪೈ ಭಾಗಿಸು 180. ಡಿಗ್ರಿ ಚಿಹ್ನೆ ಹಾಕದೆ ಬರೀ 30 ಎಂದು ಬರೆದರೆ ತಂತ್ರಾಂಶ ಅದನ್ನು ರೇಡಿಯನ್ (ಕೋನದ ಇನ್ನೊಂದು ಮಾನ, 2 ಪೈ ರೇಡಿಯನ್ ಎಂದರೆ 360 ಡಿಗ್ರಿ) ಎಂದೇ ಓದುತ್ತದೆ. ಆಗ ಸೈನ್ 0.5 ಬರುವ ಬದಲು -0.988 ಬರುತ್ತದೆ. ಸ್ಲೈಡರಿನ ಪುನರಾವರ್ತನೆ 'ಆಸಿಲೇಟಿಂಗ್' ಎಂದಿದ್ದರೆ ಬಿಂದು ಒಂದು ಸುತ್ತು ಮುಗಿಸಿ ಹಿಮ್ಮುಖವಾಗಿ ತಿರುಗುತ್ತದೆ, 'ಇನ್‌ಕ್ರೀಸಿಂಗ್' ಆರಿಸಿ.

ವೃತ್ತದ ಮೇಲಿನ ಬಿಂದುವಿಗೆ ನಿರ್ದೇಶಾಂಕ ಕೋನದ ಕೋಸೈನ್, ಸೈನ್. ನಕ್ಷೆಯ ತುದಿಬಿಂದುವಿಗೆ ಎಕ್ಸ್ ಎಂದರೆ ಕೋನಕ್ಕೆ 2 ಕೂಡಿಸಿದ ಬೆಲೆ, ವೈ ಎಂದರೆ ಸೈನ್. 2 ಕೂಡಿಸದಿದ್ದರೆ ಅಲೆ ವೃತ್ತದ ಮೇಲೇ ಹತ್ತಿ ಕೂರುತ್ತದೆ. ಎರಡೂ ಬಿಂದುಗಳನ್ನು ಚುಕ್ಕೆಗೆರೆಯಿಂದ ಸೇರಿಸಿ. ಅಲೆಯನ್ನು 'ಟ್ರೇಸ್'ನಿಂದ (ಬಿಂದು ಬಿಟ್ಟುಹೋಗುವ ಜಾಡು) ಬಿಡಿಸಬೇಡಿ, ಝೂಮ್ ಮಾಡಿದೊಡನೆ ಅಳಿಸಿಹೋಗುತ್ತದೆ. 'ಕರ್ವ್' ಆಜ್ಞೆಯಲ್ಲಿ 0ಯಿಂದ ಸ್ಲೈಡರಿನ ಆಗಿನ ಬೆಲೆಯವರೆಗೆ ಎಳೆಯಿರಿ.

ಕೋಸೈನ್‌ಗೆ ಎರಡು ದಾರಿ. ಬಿಂದುವಿನಿಂದ ನೇರ ಕೆಳಗೆ ಗೆರೆ ಇಳಿಸಿ ಅಲೆಯನ್ನು ಕೆಳಮುಖವಾಗಿ ಹರಿಸಬಹುದು. ಆದರೆ ಆ ಅಲೆಗೇ 6.28 ಮಾನದಷ್ಟು ಎತ್ತರ ಬೇಕು, ಪರದೆಯಲ್ಲಿ ವೃತ್ತ ಕುಗ್ಗಿಹೋಗುತ್ತದೆ. ನಮಗೆ ಎರಡನೆಯದೇ ಮೇಲು: ಅದೇ ವೃತ್ತದ ಮೇಲೆ 90 ಡಿಗ್ರಿ ಮುಂದೆ ಓಡುವ ಇನ್ನೊಂದು ಬಿಂದು ಇಡಿ. ಅದರ ಎತ್ತರವೇ ಮೊದಲ ಬಿಂದುವಿನ ಕೋಸೈನ್. ಎರಡು ಬಣ್ಣದ ಅಲೆಗಳು ಒಂದೇ ಆಕಾರದವು, ಒಂದು ಇನ್ನೊಂದಕ್ಕಿಂತ ಕಾಲು ಸುತ್ತು ಮುಂದಿದೆ ಎಂಬುದು ವಿವರಿಸುವ ಮೊದಲೇ ಮಕ್ಕಳಿಗೆ ಕಾಣುತ್ತದೆ.

ಟ್ಯಾನ್‌ಗೆ ವೃತ್ತದ ಬಲ ತುದಿಯಲ್ಲಿ ನೆಟ್ಟಗೆ ಸ್ಪರ್ಶಕ ಎಳೆಯಿರಿ. ಕೇಂದ್ರದಿಂದ ಬಿಂದುವಿನ ಮೂಲಕ ಹೋಗುವ ಸರಳರೇಖೆ ಅದನ್ನು ಎಲ್ಲಿ ಕಡಿಯುತ್ತದೋ ಆ ಎತ್ತರವೇ ಟ್ಯಾನ್. ಕೇಂದ್ರದಿಂದ ಅಲ್ಲಿಯವರೆಗಿನ ಉದ್ದ ಸೀಕೆಂಟ್‌ನ (1 ಭಾಗಿಸು ಕೋಸೈನ್) ಪರಿಮಾಣ. ಸೈನ್, ಕೋಸೈನ್ ಬಾಹುಗಳ ಒಳಗಿನ ಸಣ್ಣ ತ್ರಿಭುಜವೂ ಸ್ಪರ್ಶಕದವರೆಗಿನ ಹೊರಗಿನ ದೊಡ್ಡದೂ ಸಮರೂಪ, ಹಾಗಾಗಿ ಟ್ಯಾನ್ ಎಂದರೆ ಸೈನ್ ಭಾಗಿಸು ಕೋಸೈನ್. ದೊಡ್ಡದಕ್ಕೆ ಪೈಥಾಗೊರಸ್ ಹಚ್ಚಿದರೆ 1 ಕೂಡಿಸು ಟ್ಯಾನ್ ವರ್ಗ, ಸೀಕೆಂಟ್ ವರ್ಗಕ್ಕೆ ಸಮ. ಇಲ್ಲಿ 'ರೇ' ಬಳಸಿದರೆ ಕೆಲಸ ಕೆಡುತ್ತದೆ. ಎರಡನೇ, ಮೂರನೇ ಚತುರ್ಥಕದಲ್ಲಿ ಕಿರಣ ಸ್ಪರ್ಶಕವನ್ನು ಮುಟ್ಟುವುದೇ ಇಲ್ಲ. ಎರಡೂ ಕಡೆ ಚಾಚಿದ 'ಲೈನ್' ಬೇಕು. ಆಗ 90 ದಾಟಿದ ಕೂಡಲೇ ಛೇದನಬಿಂದು ಕೆಳಗಿನಿಂದ ಬರುತ್ತದೆ, ಟ್ಯಾನ್ ಋಣವಾಗುವುದು ಕಣ್ಣಿಗೇ ಬೀಳುತ್ತದೆ. ಆರೂ ಅನುಪಾತಗಳನ್ನು ಒಂದೇ ಚಿತ್ರಕ್ಕೆ ತುರುಕಬೇಡಿ.

ಪ್ರಶ್ನೆ: ಇದನ್ನೇ ಪೈಥಾನ್ ಭಾಷೆಯಲ್ಲಿ ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿದೆ. ಟ್ಯಾನ್ ನಕ್ಷೆಯಲ್ಲಿ 90 ಡಿಗ್ರಿಗೆ ಉದ್ದ ಗೆರೆ ಮೂಡುತ್ತದೆ. ಜಿಫ್ ಕಡತ ಪ್ರತಿ ಸುತ್ತಿನ ಕೊನೆಗೆ ಒಂದು ಕ್ಷಣ ತಡವರಿಸುತ್ತದೆ.
– ಬಿ.ಎಸ್‌ಸಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಕಂಪ್ಯೂಟರಿನಲ್ಲಿ ಪೈ ಇಂತಿಷ್ಟೇ ಅಂಕಿಗಳಿಗೆ ಕತ್ತರಿಸಿದ ಸಂಖ್ಯೆ. ಹಾಗಾಗಿ 90ರಲ್ಲಿ ಟ್ಯಾನ್ 'ಇಲ್ಲ' ಎನ್ನುವ ಬದಲು ಸುಮಾರು 1.6 ಗುಣಿಸು 10ರ 16ನೇ ಘಾತದಷ್ಟು ಸಂಖ್ಯೆ ಬರುತ್ತದೆ, ಮುಂದಿನ ಬೆಲೆ ಋಣ. ಎರಡನ್ನೂ ತಂತ್ರಾಂಶ ಗೆರೆಯಿಂದ ಸೇರಿಸಿಬಿಡುತ್ತದೆ. ಪರಿಮಾಣ 10 ಮೀರಿದ ಬೆಲೆಗಳ ಜಾಗದಲ್ಲಿ 'ನ್ಯಾನ್' (ಸಂಖ್ಯೆಯಲ್ಲ ಎಂಬ ಗುರುತು) ತುಂಬಿ, ಗೆರೆ ಅಲ್ಲಿ ತುಂಡಾಗುತ್ತದೆ. ಜಿಫ್ ತಡವರಿಸುವುದು 0 ಮತ್ತು 360ರ ಚಿತ್ರ ಎರಡೂ ಸೇರಿರುವುದರಿಂದ, ಅವೆರಡೂ ಒಂದೇ. ಸಮ ಅಂತರದ ಬೆಲೆಗಳನ್ನು ಕೊಡುವ 'ಲಿನ್‌ಸ್ಪೇಸ್' ಆಜ್ಞೆಯಲ್ಲಿ 'ಎಂಡ್‌ಪಾಯಿಂಟ್' (ಕೊನೆಯ ಬೆಲೆ) ಬೇಡ ಎಂದು ಹೇಳಿ. 120 ಫ್ರೇಮ್, ಸೆಕೆಂಡಿಗೆ 25 ಇಟ್ಟರೆ ಸುತ್ತಿಗೆ 4.8 ಸೆಕೆಂಡು, ನೋಡಲು ಹದವಾಗಿರುತ್ತದೆ.

ಪ್ರಶ್ನೆ: ಸೈನ್‌ನ ಅವಕಲನ (ಅದು ಬದಲಾಗುವ ದರ) ಕೋಸೈನ್ ಎಂಬುದನ್ನು ಕಲನಶಾಸ್ತ್ರ ಬಳಸದೆ ಚಿತ್ರದಲ್ಲಿ ತೋರಿಸಬಹುದೇ?
– ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಆರ್ಯಭಟನ ಸೈನ್ ಕೋಷ್ಟಕವನ್ನೇ ಓಡಿಸಿ. ತ್ರಿಜ್ಯ 3438, ಕಾಲು ವೃತ್ತಕ್ಕೆ 24 ಹೆಜ್ಜೆ, ಹೆಜ್ಜೆಗೆ 3.75 ಡಿಗ್ರಿ, ಅಂದರೆ 225 ಕಲೆ (ಒಂದು ಡಿಗ್ರಿಗೆ 60 ಕಲೆ). ಅವನು ಕೊಟ್ಟಿರುವುದು ಎತ್ತರಗಳನ್ನಲ್ಲ, ಎತ್ತರ ಹೆಚ್ಚುವ ಪ್ರಮಾಣವನ್ನು: 225, 224, 222, 219, 215 ಹೀಗೆ ಇಳಿಯುತ್ತ ಕೊನೆಗೆ 22, 7. ಎಲ್ಲ ಕೂಡಿದರೆ 3438. ಬಿಂದು ಏರಿದಂತೆ ಪ್ರತಿ ಏರಿಕೆಯನ್ನೂ ಪಕ್ಕದಲ್ಲಿ ಕಂಬವಾಗಿ ನಿಲ್ಲಿಸುತ್ತ ಹೋದರೆ ಕಂಬಗಳ ತಲೆ ಸೇರಿ ಕೋಸೈನ್ ಅಲೆಯ ಮೊದಲ ಕಾಲುಭಾಗವಾಗುತ್ತದೆ. ಕಂಬವನ್ನು ಹೆಜ್ಜೆಯ ನಡುವಿಗೇ ನಿಲ್ಲಿಸಿ. 13ನೇ ಏರಿಕೆ 154, 46.875 ಡಿಗ್ರಿಯ ಕೋಸೈನನ್ನು 225ರಿಂದ ಗುಣಿಸಿದರೂ 153.8 ಬರುತ್ತದೆ. ಹೆಜ್ಜೆಯ ತುದಿಗೆ ನಿಲ್ಲಿಸಿದರೆ ಎಲ್ಲ ಕಂಬಗಳೂ ಅಲೆಯಿಂದ ಅರ್ಧ ಹೆಜ್ಜೆ ಬಲಕ್ಕೆ ಸರಿದಿರುತ್ತವೆ.