ಲೆವೆಲ್ ಏರಿದೆ, ಆದ್ರೂ ಎರಡೇ ಏಟಿಗೆ ಸಾಯ್ತೀನಿ!

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ್ಯಕ್ಷನ್ ಆರ್‌ಪಿಜಿ ಗೇಮ್‌ಗಳ ಬಿಲ್ಡ್ ಬಗ್ಗೆಯೇ, ಅಂದರೆ ಪಾಯಿಂಟ್, ಆಯುಧ, ಸ್ಕಿಲ್ ಹೇಗೆ ಹೊಂದಿಸಿ ಪಾತ್ರ ಬೆಳೆಸಬೇಕು ಅನ್ನುವುದರ ಬಗ್ಗೆಯೇ. ಗೇಮ್ ಬೇರೆ ಬೇರೆ, ಗೋಳು ಒಂದೇ: ಲೆವೆಲ್ ಏರುತ್ತಿದೆ, ಬಲ ಏರುತ್ತಿಲ್ಲ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯ ಓದುಗರು ತಮ್ಮ ಸ್ಟ್ಯಾಟ್‌ಗಳನ್ನೆಲ್ಲ ಬರೆದು ಕಳಿಸಿದ್ದಾರೆ. ಹೀಗೆ ಕಳಿಸಿದರೆ ಉತ್ತರ ಹೇಳುವವರಿಗೆ ಎಷ್ಟು ಸಲೀಸು ಗೊತ್ತಾ! ಹಾಗಾಗಿ ಅವರಿಗೆ ಸ್ವಲ್ಪ ಜಾಸ್ತಿ ಜಾಗ.

ಪ್ರಶ್ನೆ: ಎಲ್ಡನ್ ರಿಂಗ್‌ನಲ್ಲಿ ಹೀರೋ ಕ್ಲಾಸ್ ತೆಗೆದುಕೊಂಡಿದ್ದೇನೆ. ಈಗ ಲೆವೆಲ್ 60. ತಾಲಿಸ್ಮನ್ (ಬಲ ಕೊಡುವ ತಾಯಿತ) ಬಿಚ್ಚಿಟ್ಟು ನೋಡಿದರೆ ವಿಗರ್ (ಜೀವ) 18, ಎಂಡ್ಯೂರೆನ್ಸ್ (ದಮ್ಮು, ಭಾರ ಹೊರುವ ಶಕ್ತಿ) 24, ಸ್ಟ್ರೆಂತ್ 50, ಡೆಕ್ಸ್‌ಟೆರಿಟಿ 12. ಉಳಿದದ್ದು ಮುಟ್ಟಿಲ್ಲ. ಆಯುಧ ಗ್ರೇಟ್‌ಸ್ವರ್ಡ್, +6 ಆಗಿದೆ, ಎರಡೂ ಕೈಯಲ್ಲಿ ಹಿಡಿದೇ ಹೊಡೆಯುತ್ತೇನೆ. ರಾಡಗಾನ್ಸ್ ಸೋರ್‌ಸೀಲ್ ಎಂಬ ತಾಲಿಸ್ಮನ್ ಹಾಕಿದ್ದೇನೆ. ರಾಜಧಾನಿ ಲೇಂಡೆಲ್‌ನಲ್ಲಿ ಮಾರ್ಗಟ್ ಎಂಬ ಬಾಸ್ ಎರಡೇ ಏಟಿಗೆ ಮುಗಿಸುತ್ತಾನೆ. ನನ್ನ ಏಟು ಅವನಿಗೆ ನಾಟುವುದೇ ಇಲ್ಲ. ಸ್ಟ್ರೆಂತ್ 80 ಮಾಡಿಬಿಡಲಾ?

ಉತ್ತರ: ಬೇಡ. ಸದ್ಯಕ್ಕೆ ಸ್ಟ್ರೆಂತ್‌ಗೆ ಒಂದು ಪಾಯಿಂಟ್ ಕೂಡ ಹಾಕಬೇಡಿ. ನೀವು ನೀರನ್ನೆಲ್ಲ ಒಂದೇ ಗದ್ದೆಗೆ ಬಿಟ್ಟಿದ್ದೀರಿ, ಪಕ್ಕದ ಎರಡು ಗದ್ದೆ ಒಣಗಿ ಬಿರುಕು ಬಿಟ್ಟಿವೆ.

ಎರಡು ಕೈಯಲ್ಲಿ ಆಯುಧ ಹಿಡಿದಾಗ ಈ ಗೇಮ್ ನಿಮ್ಮ ಸ್ಟ್ರೆಂತನ್ನು ಒಂದೂವರೆ ಪಟ್ಟು ಅಂತ ಲೆಕ್ಕ ಹಾಕುತ್ತದೆ. ಅಂದರೆ ನಿಮ್ಮ 50 ಈಗಾಗಲೇ 75. ಅದು 54 ಆದರೆ ಸಾಕು, 81 ಆಗುತ್ತದೆ. 80 ದಾಟಿದ ಮೇಲೆ ಪ್ರತಿ ಪಾಯಿಂಟ್‌ಗೆ ಸಿಗುವ ಡ್ಯಾಮೇಜ್ ತೀರಾ ಕಡಿಮೆ. ಆಟಗಾರರು ಸಾಫ್ಟ್ ಕ್ಯಾಪ್ ಅನ್ನುವುದು ಇದಕ್ಕೇ. ನೀವು 80 ಮಾಡಿದರೆ ಅದು 120ರ ಲೆಕ್ಕ. ಆದರೆ 80ರ ಆಚೆಗಿನ ಆ 40ಕ್ಕೆ ಸಿಗುವುದು ಅಷ್ಟಿಷ್ಟೇ, ಹಾಗಾಗಿ ಎರಡು ಕೈಯಲ್ಲಿ ಹೊಡೆಯುವವರಿಗೆ 54ರ ಮೇಲೆ ಹಾಕುವುದರಿಂದ ಲಾಭ ತೀರಾ ಕಡಿಮೆ.

ಈಗ ವಿಗರ್‌ಗೆ ಬನ್ನಿ. 18ಕ್ಕೆ ನಿಮ್ಮ ಜೀವ ಸುಮಾರು 600. 25ಕ್ಕೆ 800. 40ಕ್ಕೆ 1450! 60ಕ್ಕೆ 1900, ಅಲ್ಲಿಂದ 99ರ ತನಕ ಹೋದರೂ 2100 ಅಷ್ಟೇ. ಅಂದರೆ 25ರಿಂದ 40ರ ನಡುವಿನ 15 ಲೆವೆಲ್‌ಗಳಲ್ಲಿ 650 ಜೀವ ಸಿಗುತ್ತದೆ. ಇಡೀ ಗೇಮ್‌ನಲ್ಲಿ ಇಷ್ಟು ಸಸ್ತಾ ವ್ಯಾಪಾರ ಇನ್ನೊಂದಿಲ್ಲ. ಹೊಸಬರು ಇದನ್ನೇ ಬಿಡುತ್ತಾರೆ. ಲೆವೆಲ್ ಏರಿಸುವಾಗ ಡ್ಯಾಮೇಜ್ ಸಂಖ್ಯೆ ಕಣ್ಣಿಗೆ ಹೊಡೆಯುತ್ತದೆ, ಜೀವದ ಬೆಲೆ ಗೊತ್ತಾಗುವುದು ಸತ್ತ ಮೇಲೆ. ಮೂರನೇ ಏಟಿನ ತನಕ ಬದುಕಿದ್ದರೆ ಮಾರ್ಗಟ್‌ನ ಏಟುಗಳ ವರಸೆ ಕಲಿಯುವುದಕ್ಕಾದರೂ ಸಮಯ ಸಿಗುತ್ತದೆ.

ಎರಡನೇ ಒಣ ಗದ್ದೆ ನಿಮ್ಮ ಕತ್ತಿ. ಸ್ಟ್ರೆಂತ್‌ನಿಂದ ಸಿಗುವ ಹೆಚ್ಚುವರಿ ಡ್ಯಾಮೇಜ್ ಲೆಕ್ಕವಾಗುವುದೇ ಆಯುಧದ ಮೂಲ ಡ್ಯಾಮೇಜ್ ಮೇಲೆ. ಅಪ್‌ಗ್ರೇಡ್ ಮಾಡಿದಾಗ ಮೂಲವೂ ಏರುತ್ತದೆ, ಸ್ಕೇಲಿಂಗೂ (ಸ್ಟ್ರೆಂತ್‌ನಿಂದ ಸಿಗುವ ಹೆಚ್ಚುವರಿಯ ಪ್ರಮಾಣ) ಏರುತ್ತದೆ. ಹಾಗಾಗಿ +6 ಕತ್ತಿ ಹಿಡಿದ 50 ಸ್ಟ್ರೆಂತ್‌ನವನಿಗಿಂತ +12 ಕತ್ತಿ ಹಿಡಿದ 32 ಸ್ಟ್ರೆಂತ್‌ನವನೇ ಜೋರಾಗಿ ಹೊಡೆಯುತ್ತಾನೆ.

ನೀವು +6ಕ್ಕೆ ಯಾಕೆ ನಿಂತಿದ್ದೀರಿ ಅನ್ನುವುದನ್ನೂ ಊಹಿಸಬಲ್ಲೆ. ಅಪ್‌ಗ್ರೇಡ್‌ಗೆ ಬೇಕಾದ ಕಲ್ಲುಗಳಾದ ಸ್ಮಿದಿಂಗ್ ಸ್ಟೋನ್ 1 ಮತ್ತು 2 ಅಲ್ಲಿಯ ತನಕ ಮಾತ್ರ ಸಾಕಾಗುತ್ತವೆ. ಮುಂದೆ 3, 4 ಬೇಕು, ಅವು ದಾರಿಯಲ್ಲಿ ಒಂದೊಂದೇ ಸಿಗುತ್ತವೆ. ಇದಕ್ಕೆ ಮದ್ದು ಬೆಲ್ ಬೇರಿಂಗ್. 3 ಮತ್ತು 4ರ ಬೆಲ್ ಬೇರಿಂಗ್ ಇರುವುದು ಸೀಲ್ಡ್ ಟನಲ್ ಎಂಬ ಗಣಿಯಲ್ಲಿ, ರಾಜಧಾನಿಯ ಹೊರವಲಯದಲ್ಲೇ. ನೀವು ಅದರ ಪಕ್ಕದಲ್ಲೇ ಹಾದು ಬಂದಿದ್ದೀರಿ. ಒಳಗೆ ದಾರಿ ಮುಗಿಯಿತು ಅನಿಸಿದ ಕಡೆ ಗೋಡೆಗೆ ಒಂದೇಟು ಹಾಕಿ ನೋಡಿ, ಗೇಮ್ ಮಾಡಿದ ಫ್ರಮ್‌ಸಾಫ್ಟ್‌ವೇರ್‌ನವರಿಗೆ ಮಾಯದ ಗೋಡೆ ಅಂದರೆ ವಿಪರೀತ ಪ್ರೀತಿ. ಸಿಕ್ಕಿದ್ದನ್ನು ರೌಂಡ್‌ಟೇಬಲ್ ಹೋಲ್ಡ್‌ನ ಟ್ವಿನ್ ಮೇಡನ್ ಹಸ್ಕ್ಸ್‌ಗೆ ಕೊಟ್ಟರೆ ಆ ಕಲ್ಲುಗಳು ಅಂಗಡಿಯಲ್ಲಿ ಸಿಗತೊಡಗುತ್ತವೆ. ಆಮೇಲೆ ರೂನ್ (ಈ ಗೇಮ್‌ನ ಹಣ) ಇದ್ದರೆ ಸಾಕು, ಒಂದೇ ಸಲಕ್ಕೆ +12.

ಸ್ಟಾರ್ಮ್‌ವೇಲ್ ಕೋಟೆಯ ಐರನ್ ವೆಟ್‌ಬ್ಲೇಡ್ ತೆಗೆದುಕೊಂಡಿದ್ದೀರಿ ತಾನೇ? ಅದಿದ್ದರೆ ಕತ್ತಿಗೆ ಹೆವಿ ಅಫಿನಿಟಿ (ಸ್ಟ್ರೆಂತ್‌ನ ಲಾಭ ಹೆಚ್ಚಿಸುವ ಗುಣ) ಕೂರಿಸಿ. ಸ್ಟ್ರೆಂತ್ ಬಿಲ್ಡ್‌ಗೆ ಅದೇ ಸರಿ.

ಇನ್ನು ಈಗಾಗಲೇ ಹಾಕಿರುವ ಪಾಯಿಂಟ್‌ಗಳ ಕಥೆ. ರಾಯಾ ಲುಕಾರಿಯಾದಲ್ಲಿ ರೆನಾಲಾಳನ್ನು ಸೋಲಿಸಿದ್ದರೆ, ಒಂದು ಲಾರ್ವಲ್ ಟಿಯರ್ ಕೊಟ್ಟು ಅವಳ ಹತ್ತಿರ ಮರುಜನ್ಮ ಪಡೆದು ಪಾಯಿಂಟ್‌ಗಳನ್ನು ಮತ್ತೆ ಹಂಚಿ. ಹೀರೋ ಕ್ಲಾಸ್ ಶುರುವಾಗುವುದು ಲೆವೆಲ್ 7ರಿಂದ, ಹಾಗಾಗಿ ನಿಮ್ಮ ಕೈಯಲ್ಲಿರುವುದು 53 ಪಾಯಿಂಟ್. ನಾನಾದರೆ ಹೀಗೆ ಹಂಚುತ್ತೇನೆ: ವಿಗರ್ 40, ಸ್ಟ್ರೆಂತ್ 32, ಡೆಕ್ಸ್‌ಟೆರಿಟಿ 12, ಎಂಡ್ಯೂರೆನ್ಸ್ 20. ಗ್ರೇಟ್‌ಸ್ವರ್ಡ್‌ಗೆ ಬೇಕಿರುವುದು 31 ಸ್ಟ್ರೆಂತ್, 12 ಡೆಕ್ಸ್‌ಟೆರಿಟಿ. ಎರಡೂ ಸರಿಹೋಗುತ್ತದೆ, ಎರಡು ಕೈಯಲ್ಲಿ ಹಿಡಿದರೆ 32 ಅನ್ನುವುದು 48 ಆಗುತ್ತದೆ. ಎಂಡ್ಯೂರೆನ್ಸ್ ಇಳಿದದ್ದರಿಂದ ಒಟ್ಟು ಭಾರ ಒಮ್ಮೆ ನೋಡಿಕೊಳ್ಳಿ. ಹೊರಬಹುದಾದ ಭಾರದಲ್ಲಿ 70%ಗಿಂತ ಕಡಿಮೆ ಇರಬೇಕು. ಅದನ್ನು ಮುಟ್ಟಿದರೆ ಉರುಳುವುದು ನಿಧಾನವಾಗುತ್ತದೆ, ಮಾರ್ಗಟ್ ಮುಂದೆ ಅದು ಆತ್ಮಹತ್ಯೆ. ಜಾಸ್ತಿಯಾದರೆ ಕವಚದಲ್ಲಿ ಒಂದು ತುಂಡು ಬಿಚ್ಚಿ.

ಸೋರ್‌ಸೀಲ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅದು ವಿಗರ್ ಸೇರಿ ನಾಲ್ಕು ಸ್ಟ್ಯಾಟ್‌ಗಳಿಗೆ ಐದೈದು ಕೊಡುತ್ತದೆ, ಬದಲಿಗೆ ನಿಮಗೆ ಬೀಳುವ ಏಟು 15% ಜಾಸ್ತಿ. ವಿಗರ್ ಕಡಿಮೆ ಇರುವಾಗ ಈ ವ್ಯವಹಾರ ಹೇಗೋ ನಡೆಯುತ್ತದೆ. ವಿಗರ್ 40 ಆದ ಮೇಲೆ ನೋಡಿ: 1450 ಇದ್ದ ಜೀವ ಸುಮಾರು 1580 ಆಗುತ್ತದೆ, ಆದರೆ ಏಟು ಜಾಸ್ತಿ ಬೀಳುವುದರಿಂದ ಅದರ ನಿಜವಾದ ಬೆಲೆ 1375ರಷ್ಟೇ. ಹಾಕಿಕೊಂಡು ಬಡವರಾದ ಹಾಗೆ. ಮರುಜನ್ಮದ ದಿನವೇ ಅದನ್ನು ಬಿಚ್ಚಿಡಿ.

ಪ್ರಶ್ನೆ: ಪಾತ್ ಆಫ್ ಎಕ್ಸೈಲ್ ಶುರು ಮಾಡಿದ್ದೇನೆ. ಬಾಸನ್ನು ಕಣ್ಣು ಮಿಟುಕಿಸುವುದರಲ್ಲಿ ಮುಗಿಸುವ ಒಂದು ಬಿಲ್ಡ್ ವಿಡಿಯೋ ನೋಡಿ ಪ್ಯಾಸಿವ್ ಟ್ರೀಯನ್ನು (ಪಾಯಿಂಟ್ ಹಾಕಿ ಬಲ ಪಡೆಯುವ ನೋಡ್‌ಗಳ ಜಾಲ) ಹಾಗೇ ತುಂಬಿದೆ. ಇನ್‌ಕ್ರೀಸ್ಡ್ ಡ್ಯಾಮೇಜ್ ಅಂತಿರುವ ನೋಡ್ ದಾರಿಯಲ್ಲಿ ಒಂದನ್ನೂ ಬಿಟ್ಟಿಲ್ಲ. ಆಕ್ಟ್ 10 ಮುಗಿಸಿ ಮ್ಯಾಪ್‌ಗಳಿಗೆ (ಕಥೆ ಮುಗಿದ ಮೇಲಿನ ಆಟ) ಬಂದರೆ ಮಾಮೂಲಿ ರಾಕ್ಷಸರೂ ಸಾಯುತ್ತಿಲ್ಲ, ನಾನು ಮಾತ್ರ ಸಾಯುತ್ತಿದ್ದೇನೆ. ಬಿಲ್ಡ್ ಹಳೇದಾಗಿದೆಯಾ?

ಉತ್ತರ: ಇರಬಹುದು, ಆದರೆ ಮೊದಲು ಅದನ್ನು ದೂರಬೇಡಿ. ಇಲ್ಲಿ ಎರಡು ತೊಂದರೆಗಳು ಬೆರೆತಿವೆ.

ಈ ಗೇಮ್‌ನಲ್ಲಿ ಇನ್‌ಕ್ರೀಸ್ಡ್ ಅಂತಿರುವುದೆಲ್ಲ ಒಂದೇ ರಾಶಿಗೆ ಸೇರಿ ಕೂಡುತ್ತವೆ. ಮೋರ್ ಅಂತಿರುವ ಪ್ರತಿಯೊಂದೂ ಬೇರೆ ಬೇರೆಯಾಗಿ ಗುಣಿಸುತ್ತದೆ. ನಿಮ್ಮ ಮೂಲ ಏಟು 100 ಅಂದುಕೊಳ್ಳಿ, ಈಗಾಗಲೇ 200% ಇನ್‌ಕ್ರೀಸ್ಡ್ ಇದೆ, ಏಟು 300. ಇನ್ನೊಂದು 30% ಇನ್‌ಕ್ರೀಸ್ಡ್ ನೋಡ್ ತೆಗೆದುಕೊಂಡರೆ ಆಗುವುದು 330. ಅಂದರೆ ಸಿಕ್ಕಿದ್ದು 10% ಮಾತ್ರ. ಅದೇ 30% ಮೋರ್ ಸಿಕ್ಕರೆ ಆಗುವುದು 390. ರಾಶಿ ದೊಡ್ಡದಾದಷ್ಟೂ ಹೊಸ ನೋಡ್‌ಗೆ ಬೆಲೆ ಕಡಿಮೆ. ನೀವು ಲೆವೆಲ್‌ಗಟ್ಟಲೆ ಪಾಯಿಂಟ್‌ಗಳನ್ನು ಆ ರಾಶಿಗೇ ಸುರಿದಿದ್ದೀರಿ.

ಮೋರ್ ಹೆಚ್ಚಾಗಿ ಸಿಗುವುದು ಸ್ಕಿಲ್‌ಗೆ ಜೋಡಿಸುವ ಸಪೋರ್ಟ್ ಜೆಮ್‌ಗಳಲ್ಲಿ. ಹಾಗಾಗಿ ಇವತ್ತೇ ನೋಡಬೇಕಾದದ್ದು ಟ್ರೀಯನ್ನಲ್ಲ, ನಿಮ್ಮ ಮುಖ್ಯ ಸ್ಕಿಲ್‌ಗೆ ಎಷ್ಟು ಸಪೋರ್ಟ್ ಜೋಡಿಸಿದ್ದೀರಿ, ಅವು ಆ ಸ್ಕಿಲ್‌ಗೆ ಹೊಂದುತ್ತವಾ ಅನ್ನುವುದನ್ನು. ಜೆಮ್ ಕೂರುವ ಸಾಕೆಟ್ ಪಕ್ಕದಲ್ಲಿದ್ದರೆ ಸಾಲದು, ನಡುವೆ ಲಿಂಕ್ ಇರಬೇಕು. ಅಂದಹಾಗೆ, ಆ ವಿಡಿಯೋದವರ ಮೈಮೇಲೆ ಆರು ಲಿಂಕಿನ ಕವಚ, ಹುಡುಕಿದರೂ ಸಿಗದ ಯೂನಿಕ್‌ಗಳು, 90 ದಾಟಿದ ಲೆವೆಲ್ ಇರುತ್ತದೆ. ಟ್ರೀ ಕಾಪಿ ಮಾಡಬಹುದು, ಅದನ್ನೆಲ್ಲ ಮಾಡಲಾಗದು ಅಲ್ವಾ?

ಸಾಯುವುದಕ್ಕೆ ಕಾರಣ ಬೇರೆ. ಬೆಂಕಿ, ಚಳಿ, ಮಿಂಚು ಈ ಮೂರರ ಏಟು ತಡೆಯುವ ರೆಸಿಸ್ಟೆನ್ಸ್‌ಗೆ ಮಾಮೂಲಿ ಮಿತಿ 75%. ಆಕ್ಟ್ 5ರ ಕೊನೆಗೊಮ್ಮೆ, ಆಕ್ಟ್ 10ರ ಕೊನೆಗೊಮ್ಮೆ, ಕಿಟಾವ ಎಂಬ ಬಾಸನ್ನು ಕೊಂದಾಗಲೆಲ್ಲ ಗೇಮ್ ನಿಮ್ಮಿಂದ 30% ಕಿತ್ತುಕೊಳ್ಳುತ್ತದೆ. ಸರಿಯಾಗಿ 75 ಇದ್ದವರು 45ಕ್ಕೆ ಬೀಳುತ್ತಾರೆ. 1000ದ ಬೆಂಕಿ ಏಟು ಮೊದಲು 250 ತಾಗುತ್ತಿತ್ತು, ಈಗ 550. ಎರಡು ಪಟ್ಟಿಗಿಂತ ಜಾಸ್ತಿ, ಅದೂ ನೀವು ಗೆದ್ದ ಮರುಕ್ಷಣವೇ! ಮೂರನ್ನೂ ಮತ್ತೆ 75ಕ್ಕೆ ತಂದುಕೊಳ್ಳುವ ತನಕ ಮ್ಯಾಪ್ ಬೇಡ. ಉಂಗುರ, ಬೆಲ್ಟ್, ಬೂಟುಗಳಲ್ಲಿ ರೆಸಿಸ್ಟೆನ್ಸ್ ಮತ್ತು ಲೈಫ್ ಇರುವ ಸಾದಾ ಹಳದಿ (ರೇರ್) ಸಾಮಾನು ಸಾಕು. ಇಲ್ಲಿ ಒಮ್ಮೆ ಸತ್ತರೆ ಆ ಲೆವೆಲ್‌ಗೆ ಬೇಕಾದ ಎಕ್ಸ್‌ಪಿಯಲ್ಲಿ 10% ಹೋಗುತ್ತದೆ, ಅದಕ್ಕೇ ನಿಮ್ಮ ಲೆವೆಲ್ ಕೂಡ ಕಚ್ಚಿಕೊಂಡು ನಿಂತಿರುವುದು.

ಆಟಗಾರರೇ ಮಾಡಿರುವ ಪಾತ್ ಆಫ್ ಬಿಲ್ಡಿಂಗ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ನಿಮ್ಮ ಕ್ಯಾರೆಕ್ಟರನ್ನು ಅದರೊಳಗೆ ತಂದರೆ ಯಾವ ನೋಡ್‌ನಿಂದ ಎಷ್ಟು ಲಾಭ ಅಂತ ಅದೇ ಹೇಳುತ್ತದೆ. ಬೇರೆಯವರ ಬಿಲ್ಡ್ ತೆರೆದು ನೋಡುವಾಗ ಮಾತ್ರ ಕಾನ್ಫಿಗರೇಶನ್ ಪುಟಕ್ಕೆ ಹೋಗಿ ಟಿಕ್‌ಗಳನ್ನು ಗಮನಿಸಿ. ಫ್ಲಾಸ್ಕ್ ಎಲ್ಲ ಚಾಲೂ, ಚಾರ್ಜ್ ಎಲ್ಲ ತುಂಬಿದೆ, ಶತ್ರುವಿಗೆ ಶಾಪ ತಗುಲಿದೆ ಅಂತೆಲ್ಲ ಟಿಕ್ ಹಾಕಿದರೆ ಯಾರ ಡಿಪಿಎಸ್ (ಸೆಕೆಂಡಿಗೆ ಕೊಡುವ ಡ್ಯಾಮೇಜ್) ಬೇಕಾದರೂ ಕೋಟಿಗೆ ಹೋಗುತ್ತದೆ. ನನಗೆ ಇಂಥ ಕೋಟಿಗಳ ಮೇಲೆ ನಂಬಿಕೆ ಇಲ್ಲ.

ಪ್ರಶ್ನೆ: ಡಯಾಬ್ಲೊ 2 ಕಾಲದಲ್ಲಿ ಅಣ್ಣ ಸ್ಕಿಲ್ ಪಾಯಿಂಟ್‌ಗಳನ್ನು ಖರ್ಚು ಮಾಡದೆ ಕೂಡಿಡುತ್ತಿದ್ದ. ಈಗ ನಾನು ಅದರ ಹೊಸ ರೂಪ ರಿಸರೆಕ್ಟೆಡ್ ಆಡುತ್ತಿದ್ದೇನೆ. ನಾನೂ ಹಾಗೇ ಮಾಡಬೇಕಾ?

ಉತ್ತರ: ಬೇಡ, ಆದರೆ ಅಣ್ಣ ಮಾಡಿದ್ದು ಸರಿಯೇ. 2000ದಲ್ಲಿ ಈ ಗೇಮ್ ಬಂದಾಗ ಹಾಕಿದ ಪಾಯಿಂಟ್ ವಾಪಸ್ ಪಡೆಯುವ ದಾರಿಯೇ ಇರಲಿಲ್ಲ. ಒಳ್ಳೆಯ ಸ್ಕಿಲ್‌ಗಳು ತೆರೆಯುತ್ತಿದ್ದದ್ದು 24, 30ನೇ ಲೆವೆಲ್‌ಗೆ. ಅದಕ್ಕೇ ಜನ ಹಸಿದುಕೊಂಡೇ ಅಲ್ಲಿಯ ತನಕ ಹೋಗುತ್ತಿದ್ದರು. 2003ರ 1.10 ಪ್ಯಾಚ್ ಸಿನರ್ಜಿ (ಒಂದು ಸ್ಕಿಲ್ ಇನ್ನೊಂದರ ಬಲ ಹೆಚ್ಚಿಸುವುದು) ತಂದು ಕೆಳಗಿನ ಸ್ಕಿಲ್‌ಗಳಿಗೂ ಬೆಲೆ ಕೊಟ್ಟಿತು. 2010ರ 1.13 ಪ್ಯಾಚ್ ಬಂದ ಮೇಲೆ ಡೆನ್ ಆಫ್ ಈವಿಲ್ ಎಂಬ ಕ್ವೆಸ್ಟ್ ಮುಗಿಸಿದರೆ ಅಕಾರಾ ಎಲ್ಲವನ್ನೂ ವಾಪಸ್ ಕೊಡುತ್ತಾಳೆ, ಪ್ರತಿ ಡಿಫಿಕಲ್ಟಿಗೆ ಒಂದು ಸಲ. ಹಾಗಾಗಿ ಈಗ ಧಾರಾಳವಾಗಿ ಖರ್ಚು ಮಾಡಿ.

ಸ್ಟ್ಯಾಟ್ ಪಾಯಿಂಟ್‌ಗೆ ಹಳೇ ಮಾತೇ ಇವತ್ತಿಗೂ ಸರಿ: ಹಾಕುವ ಕವಚಕ್ಕೆ ಬೇಕಾದಷ್ಟು ಸ್ಟ್ರೆಂತ್, ಮಿಕ್ಕಿದ್ದು ವೈಟಾಲಿಟಿ (ಜೀವ). ಎನರ್ಜಿ ಹೆಚ್ಚಿನವರಿಗೆ ಬೇಡ. ಹೆಲ್ ಡಿಫಿಕಲ್ಟಿಗೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಅಲ್ಲಿ ನಿಮ್ಮ ರೆಸಿಸ್ಟೆನ್ಸ್ 100 ಕುಸಿಯುತ್ತದೆ, ಜೊತೆಗೆ ಒಂದೊಂದು ಬಗೆಯ ಏಟು ತಾಗಲೇ ತಾಗದ ರಾಕ್ಷಸರು ಗುಂಪುಗುಂಪಾಗಿ ಬರುತ್ತಾರೆ. ಬರೀ ಹಿಮದ ಸ್ಕಿಲ್ ನಂಬಿದ ಸಾರ್ಸರೆಸ್ ಅಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. 2022ರಲ್ಲಿ ಬಂದ ಸಂಡರ್ ಚಾರ್ಮ್‌ಗಳು ಆ ಗೋಡೆ ಒಡೆಯುತ್ತವೆ, ಅವು ಸಿಗುವ ತನಕ ಒಳ್ಳೆಯ ಆಯುಧ ಕೊಟ್ಟ ಮರ್ಸಿನರಿಯೇ (ಬಾಡಿಗೆ ಸಂಗಾತಿ) ಗತಿ.

ಪ್ರಶ್ನೆ: ಎಲ್ಡನ್ ರಿಂಗ್ ಮುಗಿಸಿ ಲೆವೆಲ್ 180ರಲ್ಲಿ ಅದರ ಡಿಎಲ್‌ಸಿ (ಹೆಚ್ಚುವರಿ ಭಾಗ) ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಶುರು ಮಾಡಿದೆ. ಬೆಲುರಾಟ್‌ನ ಡ್ಯಾನ್ಸಿಂಗ್ ಲಯನ್ ಎಂಬ ಬಾಸ್ ಚಿಂದಿ ಮಾಡುತ್ತಿದೆ. ವಾಪಸ್ ಹೋಗಿ ರೂನ್ ಕೂಡಿಸಿ 250 ಮಾಡಿಕೊಂಡು ಬರಲಾ?

ಉತ್ತರ: ಆ 70 ಲೆವೆಲ್‌ನಿಂದ ನಿಮಗೆ ಕಾಣುವಂಥ ವ್ಯತ್ಯಾಸ ಆಗುವುದಿಲ್ಲ. 180ರಲ್ಲಿ ನಿಮ್ಮ ಮುಖ್ಯ ಸ್ಟ್ಯಾಟ್‌ಗಳೆಲ್ಲ ಆಗಲೇ ಸಾಫ್ಟ್ ಕ್ಯಾಪ್ ಮುಟ್ಟಿರುತ್ತವೆ. 2024ರ ಜೂನ್‌ನಲ್ಲಿ ಈ ಡಿಎಲ್‌ಸಿ ಬಂದಾಗ ಬಹಳ ಜನ ಇದೇ ದೂರು ಹೇಳಿದರು. ಕೆಲವೇ ದಿನಗಳಲ್ಲಿ ಪ್ಯಾಚ್ ಮಾಡಿ ಶುರುವಿನ ಹಂತಗಳನ್ನು ಸ್ವಲ್ಪ ಸಲೀಸು ಮಾಡಿದರು.

ಅಲ್ಲಿ ಬಲ ಇರುವುದು ಸ್ಕಾಡುಟ್ರೀ ಬ್ಲೆಸಿಂಗ್‌ನಲ್ಲಿ. ನೀವು ಕೊಡುವ ಏಟು, ತಡೆಯುವ ಏಟು ಎರಡೂ ಅದರಿಂದ ಏರುತ್ತವೆ, ಅದೂ ಡಿಎಲ್‌ಸಿಯ ಲೋಕವಾದ ಲ್ಯಾಂಡ್ ಆಫ್ ಶ್ಯಾಡೋದಲ್ಲಿ ಮಾತ್ರ. ಒಟ್ಟು 20 ಹಂತ, ಅದಕ್ಕೆ 50 ಫ್ರಾಗ್ಮೆಂಟ್ (ಹುಡುಕಿ ತರಬೇಕಾದ ಚೂರು). ಯಾಕೆ ಹೀಗೆ ಮಾಡಿದರು ಅಂದರೆ, 100ರವರೂ ಬರುತ್ತಾರೆ, 300ರವರೂ ಬರುತ್ತಾರೆ. ಎಲ್ಲರಿಗೂ ಒಂದೇ ಬಾಸ್ ಕಷ್ಟ ಅನಿಸಬೇಕಾದರೆ ಲೆವೆಲನ್ನು ಬದಿಗಿಟ್ಟು ಬೇರೆ ಅಳತೆಗೋಲು ತರಲೇಬೇಕು. ನನಗೆ ಇದು ಜಾಣ ಉಪಾಯ ಅಂತಲೇ ಅನಿಸುತ್ತದೆ. ವರ್ಷಗಟ್ಟಲೆ ಬೆಳೆಸಿದ ಕ್ಯಾರೆಕ್ಟರ್ ಹೊಸ ಊರಲ್ಲಿ ಬಡವನಾದ ಅಂತ ಸಿಟ್ಟಾಗುವವರ ಮಾತಿನಲ್ಲೂ ನ್ಯಾಯ ಇದೆ ಅನ್ನಿ.

ಲಯನ್‌ನ ಬಾಗಿಲು ಬಿಟ್ಟು ಹೊರಗೆ ಬನ್ನಿ. ಗ್ರೇವ್‌ಸೈಟ್ ಪ್ಲೇನ್ ಇಡೀ ಕುದುರೆ ಟೊರೆಂಟ್ ಮೇಲೆ ಸುತ್ತಿ. ಮಿಕೆಲಾನ ಶಿಲುಬೆಗಳ ಹತ್ತಿರ, ಮಾರಿಕಾಳ ವಿಗ್ರಹಗಳ ಬುಡದಲ್ಲಿ ಫ್ರಾಗ್ಮೆಂಟ್ ಸಿಗುತ್ತವೆ. ತಲೆ ಮೇಲೆ ಮಡಕೆ ಹೊತ್ತು ನಿಂತಿರುವ ನೆರಳಿನಂಥವರನ್ನು ಕಂಡರೆ ಬಿಡಬೇಡಿ, ಅವರ ಹತ್ತಿರವೂ ಇರುತ್ತದೆ. ಸಿಕ್ಕಿದ್ದನ್ನು ಚೀಲದಲ್ಲೇ ಇಟ್ಟುಕೊಂಡು ಒದ್ದಾಡುವವರೂ ಇದ್ದಾರೆ. ಅಲ್ಲಿಯ ಯಾವುದಾದರೂ ಸೈಟ್ ಆಫ್ ಗ್ರೇಸ್‌ನಲ್ಲಿ (ವಿಶ್ರಾಂತಿ ತಾಣ) ಕೂತು, ಮೆನುವಿನಲ್ಲಿ ಬ್ಲೆಸಿಂಗ್ ಆರಿಸಿ ಖರ್ಚು ಮಾಡಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಮೂರೋ ನಾಲ್ಕೋ ಹಂತ ಏರಿಸಿಕೊಂಡು ಮತ್ತೆ ಲಯನ್ ಹತ್ತಿರ ಹೋಗಿ.