ಎಲ್‌ಇಡಿ ಬಲ್ಬು ವರ್ಷ ತುಂಬುವ ಮೊದಲೇ ಯಾಕೆ ಹೋಗುತ್ತೆ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಡಬ್ಬದ ಮೇಲೆ 25,000 ಗಂಟೆ ಅಂತ ಇರುತ್ತೆ. ಆದರೆ ಬಚ್ಚಲುಮನೆಯ ಗಾಜಿನ ಗ್ಲೋಬಿನೊಳಗೆ ಹಾಕಿದ ಎಲ್‌ಇಡಿ ಬಲ್ಬು ಎಂಟೇ ತಿಂಗಳಿಗೆ ಹೋಯಿತು. ಮೊದಲಿನ 60 ವ್ಯಾಟಿನ ಬಲ್ಬು ವರ್ಷಗಟ್ಟಲೆ ಬರುತ್ತಿತ್ತು. ಹಳೇದೇ ವಾಸಿ ಅಲ್ವಾ?

ಉತ್ತರ: ಹಳೇ ಬಲ್ಬು ವರ್ಷಗಟ್ಟಲೆ ಬಂದಿದ್ದರೆ ಅದಕ್ಕೆ ನಿಮ್ಮೂರಿನ ಲೋ ವೋಲ್ಟೇಜು ಕಾರಣ ಇರಬಹುದು. ಫಿಲಮೆಂಟ್ ಬಲ್ಬಿನ ಆಯಸ್ಸು ಸುಮಾರು 1,000 ಗಂಟೆ, ದಿನಕ್ಕೆ ಐದು ಗಂಟೆ ಉರಿಸಿದರೆ ಆರೇಳು ತಿಂಗಳು ಅಷ್ಟೇ. ವೋಲ್ಟೇಜ್ ಶೇ 5ರಷ್ಟು ಇಳಿದರೆ ಆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತೆ, ಬೆಳಕು ಮಾತ್ರ ಕೆಂಪಗೆ, ಮಂಕಾಗುತ್ತೆ.

ಎಲ್‌ಇಡಿ ವಿಷಯಕ್ಕೆ ಬನ್ನಿ. ಆ 25,000 ಗಂಟೆ ಸಾಮಾನ್ಯವಾಗಿ ಒಳಗಿನ ಚಿಪ್ಪಿನ (ಬೆಳಕು ಕೊಡುವ ಹಳದಿ ಚುಕ್ಕೆಯ) ಲೆಕ್ಕ, ಅಂದರೆ ಅದರ ಬೆಳಕು ಶೇ 70ಕ್ಕೆ ಇಳಿಯುವ ಹೊತ್ತು. ಬಲ್ಬು ಸಾಯುವುದು ಬೇರೆ ಕಡೆ. ಹೋದ ಬಲ್ಬಿನ ಬಿಳಿ ಟೊಪ್ಪಿಗೆ ತೆಗೆದು ನೋಡಿ (ಹೋಲ್ಡರಿನಿಂದ ಬಿಚ್ಚಿದ ಮೇಲೆ): ಹಳದಿ ಚುಕ್ಕೆಗಳಲ್ಲಿ ಒಂದರ ನಡುವೆ ಕಪ್ಪು ಕಲೆ ಇರಬಹುದು. ಚಿಪ್ಪುಗಳೆಲ್ಲ ಸಾಮಾನ್ಯವಾಗಿ ಒಂದರ ಮೂಲಕವೇ ಇನ್ನೊಂದಕ್ಕೆ ಕರೆಂಟು ಹೋಗುವಂತೆ ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬು ಆರುತ್ತೆ. ಕಲೆ ಕಾಣದಿದ್ದರೆ ಕೆಳಗಿನ ಡ್ರೈವರ್ (ಚಿಪ್ಪುಗಳಿಗೆ ತಕ್ಕಂತೆ ಕರೆಂಟು ಕೊಡುವ ಭಾಗ) ಹೋಗಿರಬಹುದು, ಅದರಲ್ಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರಿನ ತಲೆ ಉಬ್ಬಿರುವುದು ಕೆಲವೊಮ್ಮೆ ಕಣ್ಣಿಗೇ ಕಾಣುತ್ತೆ.

ಎರಡಕ್ಕೂ ದೊಡ್ಡ ಶತ್ರು ಬಿಸಿ. ಕೆಪಾಸಿಟರಿನ ಸುತ್ತ 10 ಡಿಗ್ರಿ ಶಾಖ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತೆ. ಗಾಳಿಯಾಡದ ಗ್ಲೋಬಿನಲ್ಲಿ ಆ ಬಿಸಿ ಎಲ್ಲಿಗೆ ಹೋಗಬೇಕು? ಬಚ್ಚಲುಮನೆಗೆ ನೀರು, ಹಬೆ ತಡೆಯುವಂತೆಯೇ ಮಾಡಿದ ಎಲ್‌ಇಡಿ ಫಿಟ್ಟಿಂಗ್ ಸಿಗುತ್ತೆ, ಅದನ್ನೇ ಹಾಕಿಸಿ. ಗ್ಲೋಬೇ ಇರಲಿ ಅಂದರೆ ಕಮ್ಮಿ ವ್ಯಾಟಿನ ಬಲ್ಬು ಸಾಕು.

ಇನ್ನೊಂದು ಮುಖ್ಯ ವಿಷಯ. ಬೇರೆ ರೂಮಿನ ಬಲ್ಬುಗಳೂ ಬೇಗ ಹೋಗುತ್ತಿದ್ದು, ದೀಪ ಒಮ್ಮೆ ಜೋರಾಗಿ ಒಮ್ಮೆ ಮಂಕಾಗಿ ಉರಿಯುತ್ತಿದ್ದರೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಲೂಸ್ ಆಗಿರಬಹುದು. ಕಂಬದ ಕಡೆ ಹಾಗಾದರೆ ಒಂದು ಮನೆಗೆ ವೋಲ್ಟೇಜ್ ಕಮ್ಮಿ, ಪಕ್ಕದ ಮನೆಗೆ 300 ವೋಲ್ಟಿನ ಮೇಲೂ ಹೋಗಬಹುದು, ಟಿವಿ, ಫ್ರಿಜ್ ಕೂಡ ಸುಡಬಹುದು. ಇದನ್ನು ನೀವೇ ಮುಟ್ಟಬೇಡಿ, ತಡ ಮಾಡದೆ ಕರೆಂಟಿನ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಕೊಳ್ಳುವಾಗ ಸುಮ್ನೆ ವ್ಯಾಟ್ ನೋಡಿ ತರಬೇಡಿ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಇರಲಿ, 4 ಕೆವಿ (4,000 ವೋಲ್ಟ್) ಸರ್ಜ್ ಪ್ರೊಟೆಕ್ಷನ್, ಅಂದರೆ ವೋಲ್ಟೇಜ್ ದಿಢೀರ್ ಏರಿದರೆ ತಡೆಯುವ ರಕ್ಷಣೆ, ಇದ್ದರೆ ಮಲೆನಾಡಿಗೆ ಒಳ್ಳೆಯದು. ಆದರೂ ಸಿಡಿಲು ಶುರುವಾಗುವ ಮೊದಲೇ ಮೇನ್ ಆಫ್ ಮಾಡುವುದು ಕ್ಷೇಮ.

ಹಳೇ ಬಲ್ಬಿಗೆ ವಾಪಸ್ ಹೋಗಬೇಡಿ. 60 ವ್ಯಾಟಿನ ಬೆಳಕನ್ನು 9 ವ್ಯಾಟ್ ಕೊಡುತ್ತೆ, ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ ಸುಮಾರು 90 ಯೂನಿಟ್ ಉಳಿತಾಯ. ಕೋಳಿಮರಿಗೆ ಕಾವು ಕೊಡಲು ಬೇಕಾದರೆ ಹಳೇದು ಇಟ್ಟುಕೊಳ್ಳಿ. ಹೊಸ ಬಲ್ಬಿನ ಬುಡದಲ್ಲಿ ಮಾರ್ಕರಿನಿಂದ ತಾರೀಕು ಬರೆದು, ಬಿಲ್ಲನ್ನೂ ಎತ್ತಿಡಿ. ವಾರಂಟಿ ಅವಧಿಯೊಳಗೇ ಹೋದರೆ ಬದಲಾಯಿಸಿ ಕೊಡಿ ಅಂತ ಕೇಳಬಹುದು.