ಅವಳಿ ಮರಿ ಬೇಕಾದರೆ ಟಗರಿನ ಮಗಳಿಗೆ ಕಾಯಬೇಕು

ನಿಮ್ಮ ಹತ್ತಿರ ಇಪ್ಪತ್ತು ಕುರಿ ಇವೆ, ಎಲ್ಲಾ ಒಂಟಿ ಮರಿಯನ್ನೇ ಹಾಕುತ್ತವೆ. ಅವಳಿ ಮರಿಗೆ ಹೆಸರಾದ ನಾರಿ ಸುವರ್ಣ ತಳಿಯ ಒಂದು ಟಗರು ತಂದು ಬಿಟ್ಟರೆ ಮುಂದಿನ ಸೂಲಿನಲ್ಲೇ ಅವಳಿ ಬರುತ್ತವಾ ಅಂತ ಕೇಳಿದ್ದೀರಿ.

ಬರುವುದಿಲ್ಲ. ಇದೇ ಆಸೆಗೆ ಬಿದ್ದು ನಾನೂ ಒಂದು ಎರಡು ಹಲ್ಲಿನ ಟಗರು ತಂದಿದ್ದೆ. ನಮ್ಮದು ಚಿತ್ರದುರ್ಗದ ಕಡೆ, ಬಳ್ಳಾರಿ ತಳಿ ಕುರಿಗಳು. ಮಾರಿದವರು "ಐದು ತಿಂಗಳು ತಡೀರಿ, ಹಟ್ಟಿ ತುಂಬಾ ಮರಿ" ಅಂದಿದ್ದರು. ಐದು ತಿಂಗಳಿಗೆ ಸರಿಯಾಗಿ ಈಯತೊಡಗಿದವು. ಎಲ್ಲಾ ಒಂದೊಂದೇ ಮರಿ. ಸಿಟ್ಟು ಬಂದು ಟಗರನ್ನು ಸಂತೆಗೆ ಹೊಡೆಯಬೇಕು ಅಂತಿದ್ದೆ.

ಆದರೆ ತಪ್ಪು ಟಗರಿನದಲ್ಲ. ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆಗ ಅದರ ಅಂಡಾಶಯದಿಂದ ಒಂದು ಅಂಡ ಹೊರಬಂದರೆ ಒಂದು ಮರಿ, ಎರಡು ಬಂದರೆ ಎರಡು. ಟಗರು ಎಷ್ಟೇ ಜೋರಿದ್ದರೂ ಒಂದು ಅಂಡವನ್ನು ಎರಡು ಮಾಡಲಾರದು. ಅದು ಕೊಡುವುದು ಹೆಚ್ಚು ಅಂಡ ಬಿಡಿಸುವ ಒಂದು ಜೀನ್, ಆ ಜೀನ್ ಕೆಲಸ ಮಾಡುವುದು ಅದರ ಹೆಣ್ಣು ಮರಿಗಳಲ್ಲಿ. ಅವು ಬೆಳೆದು, ಗಬ್ಬವಾಗಿ, ಈಯುವಾಗ ನಿಮಗೆ ಅವಳಿ ಸಿಗುತ್ತದೆ. ಹೆಚ್ಚೂಕಡಿಮೆ ಎರಡು ವರ್ಷದ ಲೆಕ್ಕ.

ಆ ಜೀನಿನ ಹೆಸರು ಫೆಕ್-ಬಿ. ಮೂಲ ಸುಂದರಬನದ ಗಾರೋಲ್ ಕುರಿ. ಗಾರೋಲ್ ತೀರಾ ಚಿಕ್ಕ ಕುರಿ, ಆದರೆ ಎರಡು ಮೂರು ಮರಿ ಹಾಕುತ್ತದೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬ್ಕರ್ ಸಂಸ್ಥೆಯವರು ಅದನ್ನು ಡೆಕ್ಕನಿ ತಳಿಯ ಕುರಿಗೆ ಕೂಡಿಸಿ, ಮತ್ತೆ ಮತ್ತೆ ದೊಡ್ಡ ಮೈಯ ಕುರಿಗಳಿಗೇ ಕೊಟ್ಟು, ಗಾತ್ರ ಉಳಿಸಿಕೊಂಡು ಜೀನ್ ಮಾತ್ರ ದಾಟಿಸಿದರು. ನಾರಿ ಸುವರ್ಣ ಹುಟ್ಟಿದ್ದು ಹಾಗೆ.

ಟಗರು ಕೊಳ್ಳುವಾಗ ಬಣ್ಣ, ಕಿವಿ ನೋಡಿ ಏನೂ ಗೊತ್ತಾಗುವುದಿಲ್ಲ. ರಕ್ತದ ಡಿಎನ್‌ಎ ಪರೀಕ್ಷೆಯ ಚೀಟಿ ಕೇಳಿ. ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರುವ ಟಗರಾದರೆ ಅದರ ಎಲ್ಲಾ ಹೆಣ್ಣು ಮರಿಗಳಿಗೂ ಸಿಗುತ್ತದೆ. ಒಬ್ಬರಿಂದ ಮಾತ್ರ ಬಂದಿದ್ದರೆ ಅರ್ಧಕ್ಕೆ. ಜೀನ್ ಇದ್ದರೂ ಪ್ರತಿ ಸಲ ಅವಳಿಯೇ ಅಂತೇನಿಲ್ಲ. ಮತ್ತೆ, ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲೇ ಟಗರು ಬದಲಾಯಿಸಿ. ಅಪ್ಪ ಮಗಳು ಕೂಡಬಾರದು.

ನನ್ನ ಹಟ್ಟಿಯಲ್ಲಿ ಮೊದಲ ಅವಳಿ ಬಂದಿದ್ದು ಒಂದು ಬೆಳಗಿನ ಜಾವ. ಅದೇ ಟಗರಿನ ಮಗಳು, ಮೊದಲ ಸೂಲು. ಮೊದಲನೆಯದು ಹುಟ್ಟಿ, ಎದ್ದು, ಆಗಲೇ ಕೆಚ್ಚಲು ಹುಡುಕುತ್ತಿತ್ತು. ನಾನು ಕೈ ತೊಳೆಯಲು ಹೋದೆ. ಬಂದು ನೋಡಿದರೆ ಹಿಂದೆ ಇನ್ನೊಂದು ಬಿದ್ದಿದೆ, ಮೂಗಿನ ಮೇಲೆ ಪೊರೆ ಹಾಗೇ ಇದೆ. ತಾಯಿ ತಿರುಗಿಯೂ ನೋಡುತ್ತಿಲ್ಲ. ಪೊರೆ ತೆಗೆದು, ಗೋಣಿಚೀಲದಲ್ಲಿ ಉಜ್ಜಿ, ಮೊದಲನೆಯದರ ಮೈಮೇಲಿನ ಲೋಳೆಯನ್ನೇ ಇದಕ್ಕೂ ಸವರಿ ತಾಯಿಯ ಮೂತಿಯ ಹತ್ತಿರ ಹಿಡಿದೆ. ಮೂಸಿತು, ಆಮೇಲೆ ನೆಕ್ಕಿತು. ಗಿಣ್ಣು ಹಾಲು ಹಿಂಡಿ ನಾನೇ ಬಾಯಿಗೆ ಬಿಟ್ಟೆ. ಗಿಣ್ಣು ಮೊದಲ ಒಂದೆರಡು ಗಂಟೆಯೊಳಗೆ ಹೊಟ್ಟೆಗೆ ಹೋಗಬೇಕು, ಮರಿಗೆ ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ.

ಅವಳಿ ಅಂದರೆ ಮೇವೂ ಜಾಸ್ತಿ ಬೇಕು ಅಲ್ವಾ. ಹೊಟ್ಟೆಯಲ್ಲಿ ಮರಿ ಬೆಳೆಯುವುದು ಹೆಚ್ಚಾಗಿ ಕೊನೆಯ ಆರು ವಾರದಲ್ಲಿ. ಆಗ ಬರೀ ಕಾವಲಿನ ಒಣಹುಲ್ಲು ನಂಬಿಕೊಂಡರೆ ತಾಯಿಯೇ ಮಲಗಿಬಿಡುತ್ತದೆ. ಕಾಳು, ಹಿಂಡಿ ಹಾಕುವ ಅನುಕೂಲ ಇಲ್ಲದಿದ್ದರೆ ಒಂದು ದಪ್ಪ ಮರಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಈ ವರ್ಷವೇ ಏನಾದರೂ ಆಗಬೇಕು ಅಂದರೆ, ಟಗರು ಬಿಡುವ ಎರಡು ಮೂರು ವಾರ ಮೊದಲಿನಿಂದ ಕುರಿಗೆ ದಿನಕ್ಕೆ ಕಾಲು ಕೆಜಿಯಷ್ಟು ಮುಸುಕಿನ ಜೋಳದ ನುಚ್ಚು ಕೊಡಿ. ಬಡಕಲು ಕುರಿಗಳೂ ಚೆನ್ನಾಗಿ ಬೆದೆಗೆ ಬರುತ್ತವೆ. ಅದೃಷ್ಟವಿದ್ದರೆ ಒಂದೆರಡು ಅವಳಿಯೂ ಆದಾವು.

ಟಗರು ತಂದರೆ ಮಾತ್ರ ಅದರ ಮೊದಲ ಹೆಣ್ಣು ಮರಿಗಳನ್ನು ಮಾರಬೇಡಿ. ನಾನು ಆ ಸಿಟ್ಟಿನಲ್ಲಿ ಆರು ಮಾರಿಬಿಟ್ಟಿದ್ದೆ, ಪಕ್ಕದ ಊರಿನವರಿಗೆ. ಈಗ ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವರು ಅವಳಿ ಮರಿಗಳ ಫೋಟೋ ತೋರಿಸುತ್ತಾರೆ.